ಬೆಲ್ಟ್ ಗ್ರೈಂಡರ್‌ಗೆ ಗಾಜಿನ ಪ್ಲಾಟನ್: ಓದುಗರು ಕೇಳಿದ್ದಾರೆ

ಪ್ರಶ್ನೆ: ಚಾಕು ಮಾಡಲು 2×72 ಇಂಚಿನ ಬೆಲ್ಟ್ ಗ್ರೈಂಡರ್ ಇಟ್ಟುಕೊಂಡಿದ್ದೇನೆ. ಬೆಲ್ಟಿನ ಹಿಂದೆ ಆಸರೆಯಾಗಿರುವ ಸ್ಟೀಲ್ ಹಲಗೆ, ಅಂದರೆ ಪ್ಲಾಟನ್, ಸವೆದು ನಡುವೆ ತಗ್ಗಾಗಿದೆ, ಬೆವೆಲ್ (ಅಲುಗಿನ ಓರೆ ಮೈ) ಚಪ್ಪಟೆ ಬರುತ್ತಿಲ್ಲ. ಗಾಜು ಅಂಟಿಸಬಹುದೇ? ಹಳೆಯ ಇಂಡಕ್ಷನ್ ಒಲೆಯ ಗಾಜು ನಡೆದೀತೇ?

ಉತ್ತರ: ಅಂಟಿಸಿ. ಮೈಲ್ಡ್ ಸ್ಟೀಲಿಗಿಂತ ಗಾಜು ಗಟ್ಟಿ, ಬೇಗ ತಗ್ಗು ಬೀಳುವುದಿಲ್ಲ. ಆದರೆ ಕಿಟಕಿಯ ಗಾಜು ಬೇಡ. ಉಜ್ಜುವಾಗ ಗಾಜಿನ ಮುಂಬದಿ ಕಾಯುತ್ತದೆ, ಹಿಂಬದಿ ತಣ್ಣಗಿರುತ್ತದೆ. ಅದರ ಮೇಲೆ ನೀರಲ್ಲಿ ಅದ್ದಿದ ಅಲುಗಿನಿಂದ ಒಂದು ಹನಿ ಬಿದ್ದರೂ ಬಿರುಕು ಬಿಡಬಹುದು. ಬೊರೊಸಿಲಿಕೇಟ್ ಗಾಜು ಬಿಸಿಗೆ ಹಿಗ್ಗುವುದು ಕಿಟಕಿ ಗಾಜಿನ ಸುಮಾರು ಮೂರನೇ ಒಂದು ಪಾಲು. ಗ್ಲಾಸ್-ಸೆರಾಮಿಕ್ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. 6 ಮಿ.ಮೀ. ದಪ್ಪ, 50 ಮಿ.ಮೀ. ಅಗಲ, 200ರಿಂದ 225 ಮಿ.ಮೀ. ಉದ್ದದ ತುಂಡು ಸಾಕು.

ಇಂಡಕ್ಷನ್ ಒಲೆಯ ಮೇಲ್ಗಾಜು ಸಾಮಾನ್ಯವಾಗಿ ಗ್ಲಾಸ್-ಸೆರಾಮಿಕ್ಕೇ. ಒಡೆದಿದ್ದರೆ ಚೂರು ನೋಡಿ: ಉದ್ದುದ್ದ ಸೀಳುಗಳಾಗಿದ್ದರೆ ಬಳಸಬಹುದು, ಕಲ್ಲುಸಕ್ಕರೆಯಂತೆ ಪುಡಿಪುಡಿಯಾಗಿದ್ದರೆ ಅದು ಟಫನ್ಡ್ (ಬಿಸಿಮಾಡಿ ಗಟ್ಟಿಗೊಳಿಸಿದ ಗಾಜು), ಬೇಡ. ಗ್ಯಾಸ್ ಒಲೆಯ ಗಾಜೂ ಟಫನ್ಡೇ. ಅದನ್ನು ಕತ್ತರಿಸಲು ಹೋದರೆ ಇಡೀ ಹಲಗೆ ಸಿಡಿಯುತ್ತದೆ. ಇಂಡಕ್ಷನ್ ಗಾಜು ತೆಳು, ಬಹಳ ಸಲ 4 ಮಿ.ಮೀ. ಮಾತ್ರ, ಮೇಲ್ಮೈಯಲ್ಲಿ ಅಚ್ಚೊತ್ತಿದ ಗೆರೆಗಳಿರುವ ಭಾಗ ಬಿಟ್ಟು ಕತ್ತರಿಸಿಕೊಳ್ಳಿ.

ಪ್ರಶ್ನೆ: ಅಂಚು ಉಜ್ಜುವಾಗ ಚಕ್ಕೆ ಏಳುತ್ತದೆ. ಏನು ಮಾಡಬೇಕು?

ಉತ್ತರ: ಮೊದಲು ಎಲ್ಲ ಅಂಚುಗಳನ್ನೂ ಎರಡೂ ಮೈ ಕಡೆಯಿಂದ ಅರ್ಧ ಮಿ.ಮೀ. ಓರೆಯಾಗಿ ಸವರಿ. ಚೂಪು ಅಂಚನ್ನು ನೇರವಾಗಿ ಬೆಲ್ಟಿಗೆ ಕೊಟ್ಟರೆ ಚಕ್ಕೆ ಏಳದೆ ಇರುವುದಿಲ್ಲ. 120 ಗ್ರಿಟ್‌ನ (ಗ್ರಿಟ್ ಸಂಖ್ಯೆ ಹೆಚ್ಚಿದಷ್ಟೂ ನಯ) ಹಳೆಯ ಬೆಲ್ಟ್, ಮೋಟಾರಿನ ಅತಿ ಕಡಿಮೆ ವೇಗ, ಹಗುರ ಕೈ, ಗಾಜು ಸದಾ ಒದ್ದೆ. ಕೈಯಲ್ಲೇ ಮಾಡುವುದಾದರೆ ಸಿಲಿಕಾನ್ ಕಾರ್ಬೈಡ್ ವಾಟರ್ ಪೇಪರ್ ಸಾಕು. ನಿಧಾನ, ಆದರೆ ಗಾಜು ಉಳಿಯುತ್ತದೆ. ಬೆಲ್ಟ್ ಮೊದಲು ಮುಟ್ಟುವ ಮೇಲಂಚಿಗೆ 3 ಮಿ.ಮೀ. ಆಸುಪಾಸಿನ ದುಂಡು ಬೇಕು, ಇಲ್ಲವಾದರೆ ಬೆಲ್ಟಿನ ಜೋಡಣೆ ಪ್ರತಿ ಸುತ್ತಿಗೂ ಅಲ್ಲಿ ಬಡಿಯುತ್ತದೆ. ಕೆಳಗಿನ ಮುಂಬದಿಗೂ ಹಾಗೇ ಮಾಡಿ. ಪಕ್ಕದ ಅಂಚುಗಳನ್ನು ಎಷ್ಟು ದುಂಡಾಗಿಸಬೇಕೆಂಬುದು ನಿಮ್ಮ ರುಚಿ: ಅಲುಗಿನ ಪ್ಲಂಜ್ ಗೆರೆ (ಹಿಡಿಯ ಬಳಿ ಬೆವೆಲ್ ಮುಗಿಯುವ ಗೆರೆ) ಚೂಪಾಗಿ ಬೇಕಿದ್ದರೆ ಬರೀ ಮೊನೆ ಮುರಿಯಿರಿ, ಮೃದುವಾಗಿ ತಿರುಗಬೇಕಿದ್ದರೆ ಹೆಚ್ಚು. ಕನ್ನಡಕ, ಎನ್95 ಮಾಸ್ಕ್ ಬಿಡಬೇಡಿ. ಒದ್ದೆ ಕೆಲಸವಾದ್ದರಿಂದ ಲೈನಿಗೆ ಇಎಲ್‌ಸಿಬಿ (ವಿದ್ಯುತ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇರಲಿ.

ಪ್ರಶ್ನೆ: ಅರಾಲ್ಡೈಟ್ ಹಾಕಿ ಅಂಟಿಸಿದೆ. ವಾರದಲ್ಲೇ ಗಾಜು ಜಾರಿ ಕೆಳಗಿಳಿಯಿತು.

ಉತ್ತರ: ದೋಷ ಬರೀ ಅಂಟಿನದಲ್ಲ. ಬೆಲ್ಟ್ ಗಾಜನ್ನು ಸದಾ ಕೆಳಕ್ಕೆ ಎಳೆಯುತ್ತದೆ, ಆ ಎಳೆತವನ್ನು ತಡೆಯಬೇಕಾದ್ದು ಗಾಜಿನ ಅಡಿಯಲ್ಲಿರುವ ಒಂದು ಮೆಟ್ಟಿಲು. ಪ್ಲಾಟನ್‌ನ ಕೆಳತುದಿಗೆ ಸ್ಟೀಲ್ ಪಟ್ಟಿಯೊಂದನ್ನು ಎರಡು ಎಂ5 ಸ್ಕ್ರೂಗಳಿಂದ ಬಿಗಿಯಿರಿ. 6 ಮಿ.ಮೀ. ಗಾಜಿಗೆ ಅದು 4 ಮಿ.ಮೀ. ಮುಂದೆ ಚಾಚಿದರೆ ಸಾಕು. ಗಾಜಿನ ಮಟ್ಟಕ್ಕೆ ಬಂದರೆ ಬೆಲ್ಟ್ ಅದನ್ನೇ ತಿನ್ನುತ್ತದೆ. ಪಟ್ಟಿಯ ಮೇಲೆ ಅರದಿಂದ ಉಜ್ಜಿದಾಗ ಏಳುವ ಮುಳ್ಳು ಉಳಿಯಬಾರದು, ಆ ಒಂದು ಬಿಂದುವಿನಿಂದಲೇ ಗಾಜು ಸೀಳುತ್ತದೆ.

ಸಾಮಾನ್ಯ ಅರಾಲ್ಡೈಟ್ ಗ್ರೈಂಡಿಂಗ್ ಬಿಸಿಗೆ ಮೆತ್ತಗಾಗುತ್ತದೆ. ಜೆಬಿ ವೆಲ್ಡ್‌ನಂಥ, ಸ್ಟೀಲ್ ಪುಡಿ ಬೆರೆತ, ಬಿಸಿ ತಾಳುವ ಎಪಾಕ್ಸಿ ತನ್ನಿ. ಗಾಜಿನ ಹಿಂಬದಿಯನ್ನು 120 ಗ್ರಿಟ್‌ನಲ್ಲಿ, ಸ್ಟೀಲನ್ನು 80ರಲ್ಲಿ ಗೀರಿ, ಎರಡನ್ನೂ ಅಸಿಟೋನ್‌ನಿಂದ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ. ತೆಳುವಾಗಿ ಸವರಿ, ಗಾಳಿ ಹೊರಬರುವಂತೆ ಸ್ವಲ್ಪ ಉಜ್ಜಿ ಕೂರಿಸಿ. ಕ್ಲಾಂಪ್ ಹಗುರವಾಗಿರಲಿ, 24 ಗಂಟೆ ಮುಟ್ಟಬೇಡಿ. ಬಲವಾಗಿ ಬಿಗಿದರೆ ಎಪಾಕ್ಸಿಯೆಲ್ಲ ಹಿಂಡಿಹೋಗುತ್ತದೆ, ಗಾಜೂ ತಗ್ಗಿನತ್ತ ಬಾಗಿ ಕೂರುತ್ತದೆ. ಸವೆದ ಪ್ಲಾಟನ್ ಆದರೆ ತಿರುಗಿಸಿ ಅದರ ಸವೆಯದ ಹಿಂಬದಿಗೆ ಅಂಟಿಸುವುದು ಸುಲಭ, ಆದರೆ ಅದು ಚಪ್ಪಟೆ ಇದೆಯೇ ಎಂದು ಮೊದಲು ಸ್ಟ್ರೈಟ್ ಎಡ್ಜ್ (ನೇರ ಅಂಚಿನ ಪಟ್ಟಿ) ಇಟ್ಟು ನೋಡಿ.

ಪ್ರಶ್ನೆ: ಗಾಜು ಕೂರಿಸಿದ ಮೇಲೆ ಬೆಲ್ಟ್ ಮೇಲಂಚಿನಲ್ಲಿ ಜೋರಾಗಿ ಒತ್ತಿ ಓಡುತ್ತಿದೆ.

ಉತ್ತರ: ಗಾಜಿನ ದಪ್ಪದಷ್ಟು ಪ್ಲಾಟನ್ ಹಿಂದೆ ಸರಿಸಿಲ್ಲ. ಬೋಲ್ಟ್ ತೂತುಗಳನ್ನು ಉದ್ದ ಮಾಡಿ ಹಿಂದಕ್ಕೆ ತನ್ನಿ. ಮೇಲಿನ ಮತ್ತು ಕೆಳಗಿನ ಚಕ್ರಗಳಿಗೆ ಸ್ಟ್ರೈಟ್ ಎಡ್ಜ್ ತಾಗಿಸಿ ಹಿಡಿದಾಗ ಸಿಗುವ ಗೆರೆಗಿಂತ ಗಾಜಿನ ಮುಖ 2–3 ಮಿ.ಮೀ. ಮಾತ್ರ ಮುಂದಿರಬೇಕು.