ಇಂಗುಷೆಟಿಯಾದ ಕಣಿವೆಗಳಲ್ಲಿ ಎರಡು ಬಗೆಯ ಕಲ್ಲಿನ ಗೋಪುರಗಳಿವೆ, ಒಂದು ಕುಳ್ಳಗೆ, ಒಂದು ತೆಳ್ಳಗೆ ಎತ್ತರ. ಯಾಕೆ?

ಕುಳ್ಳಗಿರುವುದು ಮನೆ, ಎತ್ತರದ್ದು ಕಾವಲಿಗೆ ಮತ್ತು ಕಾದಾಟಕ್ಕೆ. ರಷ್ಯಾಕ್ಕೆ ಸೇರಿದ ಉತ್ತರ ಕಾಕಸಸ್‌ನ ಜೈರಾಖ್, ಅಸ್ಸಾ ಕಣಿವೆಗಳಲ್ಲಿ ಇವೆರಡೂ ಅಕ್ಕಪಕ್ಕದಲ್ಲೇ ನಿಂತಿರುತ್ತವೆ.

ಮನೆ ಗೋಪುರಕ್ಕೆ ಸಾಮಾನ್ಯವಾಗಿ ಎರಡು ಅಥವಾ ಮೂರು ಅಂತಸ್ತು. ಕೆಳಗೆ ದನಕುರಿಗಳ ಕೊಟ್ಟಿಗೆ, ಮೇಲೆ ಸಂಸಾರ. ನಟ್ಟನಡುವೆ ಒಂದು ದಪ್ಪ ಕಲ್ಲುಕಂಬ. ಮಹಡಿಯ ತೊಲೆಗಳಿಗೆಲ್ಲ ಅದೇ ಆಧಾರ.

ಕಾದಾಟದ ಗೋಪುರದ ಜಾಣ್ಮೆಯೇ ಬೇರೆ. ಸಾಮಾನ್ಯವಾಗಿ ಐದು ಅಂತಸ್ತು, ಕೆಲವು 25 ಮೀಟರ್ ದಾಟುತ್ತವೆ. ಬುಡ ಮಾತ್ರ ಒಂದು ಕೋಣೆಯಷ್ಟೇ ಅಗಲ, ಮೇಲೇರಿದಂತೆ ಇನ್ನೂ ಕಿರಿದು. ಬಾಗಿಲು ನೆಲಮಟ್ಟದಲ್ಲಿರದೆ ಮೇಲಂತಸ್ತಿನಲ್ಲಿರುತ್ತದೆ. ಏಣಿ ಹತ್ತಿ ಒಳಹೊಕ್ಕು, ಏಣಿಯನ್ನು ಮೇಲೆಳೆದುಕೊಂಡರೆ ಮುಗಿಯಿತು! ತುದಿಯಲ್ಲಿ ಗೋಡೆಯಿಂದ ಹೊರಚಾಚಿದ, ತಳವಿಲ್ಲದ ಗೂಡುಗಳಿವೆ. ಗೋಡೆಯ ಬುಡಕ್ಕೆ ಬಂದವನ ತಲೆಯ ಮೇಲೆ ನೇರವಾಗಿ ಕಲ್ಲು ಬೀಳಿಸಲು ಈ ಏರ್ಪಾಡು. ಹಲವಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದಾಗುವ ಕಲ್ಲಿನ ಸೂರು.

ತಿಂಗಳುಗಟ್ಟಲೆ ಮುತ್ತಿಗೆ ತಡೆಯುವ ಕೋಟೆಗಳೆಂದು ಇವನ್ನು ಭಾವಿಸಬೇಡಿ. ದಾಳಿಕೋರರಷ್ಟೇ ಅಲ್ಲ, ಕುಲಕುಲಗಳ ನಡುವಿನ ರಕ್ತದ್ವೇಷವೂ ಇವನ್ನು ಕಟ್ಟಿಸಿತು. ಹಾಗಾಗಿ ಗೋಪುರವೆಂದರೆ ಕುಲದ ಮರ್ಯಾದೆ ಕೂಡ. ಕಟ್ಟಡ ಒಂದು ವರ್ಷದೊಳಗೆ ಮುಗಿಯಲೇಬೇಕೆಂಬ ರೂಢಿಯಿತ್ತಂತೆ.

ಈಗ ಹೆಚ್ಚಿನ ಹಳ್ಳಿಗಳು ಪಾಳುಬಿದ್ದಿವೆ. 1944ರಲ್ಲಿ ಸ್ಟಾಲಿನ್ ಸರ್ಕಾರ ಇಂಗುಷ್ ಜನರನ್ನು ಇಡಿಯಾಗಿ ಮಧ್ಯ ಏಷ್ಯಾದತ್ತ ಗಡೀಪಾರು ಮಾಡಿದ್ದು ಅದಕ್ಕೆ ದೊಡ್ಡ ಕಾರಣ. ನೋಡುವುದಾದರೆ ಎರ್ಜಿ, ವೊವ್ನುಷ್ಕಿ ಎಂಬ ಗೋಪುರದ ತಾಣಗಳು ನನ್ನ ಆಯ್ಕೆ.