ಐಕ್ಯೂಎಸಿ ಜವಾಬ್ದಾರಿ ಬಂದಿದೆ, ಪಾಠದ ಗುಣಮಟ್ಟ ಸುಧಾರಿಸುವ ಕೆಲಸ ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಉಡುಪಿ ಕಡೆಯ, ಮಂಗಳೂರು ವಿಶ್ವವಿದ್ಯಾಲಯದ ಸಂಯೋಜಿತ ಪದವಿ ಕಾಲೇಜೊಂದರಲ್ಲಿ ನೀವು ಕಾಮರ್ಸ್ ಉಪನ್ಯಾಸಕಿ. ಈ ವರ್ಷ ಐಕ್ಯೂಎಸಿ, ಅಂದರೆ ಕಾಲೇಜಿನ ಆಂತರಿಕ ಗುಣಮಟ್ಟ ಖಾತರಿ ಕೋಶದ ಸಂಯೋಜಕಿಯ ಕೆಲಸ ಹೆಗಲಿಗೆ ಬಿದ್ದಿದೆ. ಕಪಾಟಿನ ತುಂಬ ಫೀಡ್‌ಬ್ಯಾಕ್ ಫಾರ್ಮುಗಳಿವೆ, ಎಲ್ಲದರಲ್ಲೂ ‘ಗುಡ್’, ‘ವೆರಿ ಗುಡ್’. ತರಗತಿ ಮಾತ್ರ ಇದ್ದಲ್ಲೇ ಇದೆ. ಎಲ್ಲಿಂದ ಹಿಡಿಯಲಿ ಎಂದು ಕೇಳಿದ್ದೀರಿ.

ಫೀಡ್‌ಬ್ಯಾಕ್‌ನಿಂದ ಹಿಡಿಯಬೇಡಿ. ಕಾಲೇಜೇ ನಡೆಸುವ ಇಂಟರ್ನಲ್ ಪರೀಕ್ಷೆಯ ಪ್ರಶ್ನೆಪತ್ರಿಕೆಯಿಂದ ಹಿಡಿಯಿರಿ.

ಕಾರಣ ಸರಳ. ಸಂಯೋಜಿತ ಕಾಲೇಜಿಗೆ ಸಿಲೆಬಸ್ ಮೇಲೆ ಕೈಯಿಲ್ಲ, ಅದು ಕೊಣಾಜೆಯಲ್ಲಿರುವ ವಿಶ್ವವಿದ್ಯಾಲಯದ ಅಧ್ಯಯನ ಮಂಡಳಿಯಲ್ಲಿ ತೀರ್ಮಾನವಾಗುತ್ತದೆ. ಸೆಮಿಸ್ಟರ್ ಕೊನೆಯ ಪರೀಕ್ಷೆಯ ಪತ್ರಿಕೆ, ಮೌಲ್ಯಮಾಪನ ಎರಡೂ ವಿಶ್ವವಿದ್ಯಾಲಯದ್ದೇ. ಸ್ವಾಯತ್ತ ಕಾಲೇಜಾದರೆ ಅಧ್ಯಯನ ಮಂಡಳಿಯೂ ಅಕಾಡೆಮಿಕ್ ಕೌನ್ಸಿಲ್ಲೂ ಅದರದೇ ಇರುತ್ತವೆ, ಆ ಮಾತು ಬೇರೆ. ನಿಮ್ಮ ಕೈಯಲ್ಲಿ ಉಳಿಯುವುದು ಪಾಠದ ಯೋಜನೆ, ತರಗತಿ, ಇಂಟರ್ನಲ್. ಈ ಮೂರರಲ್ಲಿ ವಿದ್ಯಾರ್ಥಿ ಏನು ಕಲಿತ ಎಂಬುದಕ್ಕೆ ಕಾಗದದ ಮೇಲೆ ಸಾಕ್ಷಿ ಸಿಗುವುದು ಇಂಟರ್ನಲ್‌ನಲ್ಲಿ ಮಾತ್ರ. ಆ ಸಾಕ್ಷಿಯನ್ನು ನಾವು ಒಟ್ಟು ಅಂಕ ಬರೆದು ಕಟ್ಟು ಕಟ್ಟಿ ಇಟ್ಟುಬಿಡುತ್ತೇವೆ.

ಮೊದಲು ಪತ್ರಿಕೆ ಏನು ಕೇಳುತ್ತಿದೆ ನೋಡಿ. ಪ್ರತಿ ವಿಷಯಕ್ಕೂ ನಾಲ್ಕರಿಂದ ಆರು ‘ಕೋರ್ಸ್ ಔಟ್‌ಕಮ್’, ಅಂದರೆ ವಿಷಯ ಮುಗಿದಾಗ ವಿದ್ಯಾರ್ಥಿಗೆ ಏನು ಬರಬೇಕು ಎಂಬ ಸಾಲು, ಬರೆದಿಟ್ಟಿರುತ್ತೀರಿ. ಇದು ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ತಾಂತ್ರಿಕ ಕೋರ್ಸುಗಳಿಗೆ ಮಾನ್ಯತೆ ಕೊಡುವ ಎನ್‌ಬಿಎ ಮೂಲಕ ಬೇರೂರಿದ ಪದ್ಧತಿ. 2014ರಲ್ಲಿ ಎನ್‌ಬಿಎ, ದೇಶಗಳು ಎಂಜಿನಿಯರಿಂಗ್ ಪದವಿಗಳನ್ನು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯನಾಯಿತು, ಈಗ ಕೋರ್ಸ್ ಔಟ್‌ಕಮ್‌ಗಳನ್ನು ಇಡೀ ಪದವಿಯ ಗುರಿಗಳಿಗೆ ಹೊಂದಿಸುವ ‘ಸಿಒ-ಪಿಒ ಮ್ಯಾಪಿಂಗ್’ ಬಿಕಾಂ, ಬಿಎಗಳಲ್ಲೂ ಸಾಮಾನ್ಯ. ತೊಂದರೆ ಏನೆಂದರೆ ಹೆಚ್ಚಿನ ಕಡೆ ಔಟ್‌ಕಮ್ ಹೀಗಿರುತ್ತದೆ: ‘ವಿದ್ಯಾರ್ಥಿಗೆ ಬ್ರೇಕ್ ಈವನ್ ಪರಿಕಲ್ಪನೆ ತಿಳಿಯುತ್ತದೆ.’ (ಬ್ರೇಕ್ ಈವನ್ ಅಂದರೆ ಲಾಭವೂ ಇಲ್ಲದ, ನಷ್ಟವೂ ಇಲ್ಲದ ಮಾರಾಟದ ಮಟ್ಟ.) ತಿಳಿಯಿತೋ ಇಲ್ಲವೋ ಎಂದು ನೋಡುವುದು ಹೇಗೆ? ಇದನ್ನೇ ‘ಒಂದು ಗೇರುಬೀಜ ಕಾರ್ಖಾನೆಯ ತಿಂಗಳ ಖರ್ಚಿನ ಪಟ್ಟಿ ಕೊಟ್ಟರೆ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಬೇರ್ಪಡಿಸಿ ಬ್ರೇಕ್ ಈವನ್ ಲೆಕ್ಕ ಹಾಕುತ್ತಾರೆ, ಕಚ್ಚಾ ಮಾಲಿನ ಬೆಲೆ ಏರಿದರೆ ಏನಾಗುತ್ತದೆಂದು ವಿವರಿಸುತ್ತಾರೆ’ ಎಂದು ಬರೆದರೆ ಪ್ರಶ್ನೆ ತಾನಾಗಿಯೇ ಹುಟ್ಟುತ್ತದೆ. ಸ್ಥಿರ ವೆಚ್ಚ ತಿಂಗಳಿಗೆ 3 ಲಕ್ಷ, ಕಿಲೋ ಮಾರಾಟ ಬೆಲೆ 800, ಬದಲಾಗುವ ವೆಚ್ಚ 700 ಎಂದಿಟ್ಟುಕೊಳ್ಳಿ. ಬ್ರೇಕ್ ಈವನ್ 3,000 ಕಿಲೋ. ಬದಲಾಗುವ ವೆಚ್ಚ 740ಕ್ಕೆ ಏರಿದರೆ 5,000 ಕಿಲೋ. ವೆಚ್ಚ ನೂರಕ್ಕೆ ಆರರಷ್ಟೂ ಏರಿಲ್ಲ, ಮಾರಬೇಕಾದ ಮಾಲು ಮೂರನೇ ಎರಡರಷ್ಟು ಹೆಚ್ಚಾಯಿತು. ಯಾಕೆ ಎಂದು ಎರಡು ವಾಕ್ಯ ಬರೆದ ವಿದ್ಯಾರ್ಥಿಗೆ ವಿಷಯ ಹತ್ತಿದೆ. ಸೂತ್ರ ಬಾಯಿಪಾಠ ಮಾಡಿದವನು 3,000ಕ್ಕೆ ನಿಲ್ಲುತ್ತಾನೆ.

ಹಳೆಯ ಆರು ಇಂಟರ್ನಲ್ ಪತ್ರಿಕೆ ತೆಗೆದು ಪ್ರತಿ ಪ್ರಶ್ನೆಯ ಪಕ್ಕ ‘ನೆನಪು’, ‘ಪ್ರಯೋಗ’, ‘ವಿಶ್ಲೇಷಣೆ’ ಎಂದು ಪೆನ್ಸಿಲಿನಲ್ಲಿ ಗುರುತಿಸಿ. ಕಲಿಕೆಯ ಮಟ್ಟ ಅಳೆಯಲು ಬಳಸುವ ಬ್ಲೂಮ್‌ನ ಆರು ಹಂತ ಪೂರ್ತಿ ಬೇಡ, ಈ ಮೂರು ಸಾಕು. ಮುಕ್ಕಾಲು ಅಂಕ ‘ನೆನಪು’ ಎಂಬ ಗುರುತಿನ ಪ್ರಶ್ನೆಗಳಿಗೇ ಹೋಗಿದ್ದರೆ ತರಗತಿಯಲ್ಲಿ ನೋಟ್ಸ್ ಬರೆಸುವ ಪಾಠ ಯಾಕೆ ಬದಲಾಗುವುದಿಲ್ಲ ಎಂಬುದಕ್ಕೆ ಉತ್ತರ ಅಲ್ಲೇ ಇದೆ. ಪತ್ರಿಕೆ ಕೇಳದ್ದನ್ನು ಯಾರೂ ಕಲಿಯುವುದಿಲ್ಲ, ಮಾರಾಯ್ರೆ. ಕಲಿಸುವುದೂ ಇಲ್ಲ.

ಇನ್ನು ಅಂಕಗಳ ಲೆಕ್ಕ. ಒಟ್ಟು ಅಂಕವನ್ನಲ್ಲ, ಪ್ರಶ್ನೆವಾರು ಅಂಕವನ್ನು ಎಕ್ಸೆಲ್‌ಗೆ ಹಾಕಿ. 60 ಮಂದಿ, ಎಂಟು ಪ್ರಶ್ನೆ ಎಂದರೆ 480 ಕೋಶ. ಒಬ್ಬರು ಓದಿ ಇನ್ನೊಬ್ಬರು ಟೈಪ್ ಮಾಡಿದರೆ ಸುಮಾರು ಒಂದು ಗಂಟೆಯ ಕೆಲಸ. ಬರೆಯದೆ ಬಿಟ್ಟ ಪ್ರಶ್ನೆಗೆ ಸೊನ್ನೆ ಹಾಕಬೇಡಿ, ಕೋಶ ಖಾಲಿ ಬಿಡಿ. ‘ಯಾವುದಾದರೂ ನಾಲ್ಕಕ್ಕೆ ಉತ್ತರಿಸಿ’ ಮಾದರಿಯ ಪತ್ರಿಕೆಯಲ್ಲಿ ಈ ಒಂದು ತಪ್ಪಿನಿಂದ ಲೆಕ್ಕವೆಲ್ಲ ಕೆಡುತ್ತದೆ. ಆಮೇಲೆ ಒಟ್ಟು ಅಂಕದ ಮೇಲೆ ಜೋಡಿಸಿ ಮೇಲಿನ ಶೇ. 27, ಕೆಳಗಿನ ಶೇ. 27, ಅಂದರೆ ಹದಿನಾರು-ಹದಿನಾರು ಮಂದಿಯನ್ನು ಬೇರೆ ಮಾಡಿ. ಪ್ರತಿ ಪ್ರಶ್ನೆಗೆ ಎರಡೂ ಗುಂಪಿನ ಸರಾಸರಿಯ ವ್ಯತ್ಯಾಸ ತೆಗೆದು ಆ ಪ್ರಶ್ನೆಯ ಗರಿಷ್ಠ ಅಂಕದಿಂದ ಭಾಗಿಸಿ. ಗೇರುಬೀಜದ ಪ್ರಶ್ನೆಯಲ್ಲಿ ಮೇಲಿನವರಿಗೆ 10ಕ್ಕೆ 7.8, ಕೆಳಗಿನವರಿಗೆ 3.2 ಬಂದರೆ 0.46. ಒಳ್ಳೆಯ ಪ್ರಶ್ನೆ. ‘ವೆಚ್ಚಲೆಕ್ಕದ ಉದ್ದೇಶಗಳನ್ನು ಪಟ್ಟಿ ಮಾಡಿ’ ಎಂಬುದಕ್ಕೆ 7.5 ಮತ್ತು 6.9 ಬಂದರೆ 0.06. ಆ ಪ್ರಶ್ನೆ ಯಾರನ್ನೂ ಬೇರ್ಪಡಿಸಲಿಲ್ಲ. ಸುಲಭವೆಂದೇ ಇಟ್ಟ ಪ್ರಶ್ನೆಯಾದರೆ ಸರಿ, ಇಲ್ಲವಾದರೆ ಪುಟ ಎಣಿಸಿ ಅಂಕ ಕೊಟ್ಟಿದ್ದಾರೋ ಎಂದು ನೋಡಬೇಕು. 0.2ಕ್ಕಿಂತ ಕೆಳಗಿದ್ದರೆ ಪ್ರಶ್ನೆಯನ್ನು ಮತ್ತೆ ಓದಿ. ಸೊನ್ನೆಗಿಂತಲೂ ಕೆಳಗೆ ಹೋದರೆ ಹೆಚ್ಚಾಗಿ ಪ್ರಶ್ನೆಗೆ ಎರಡು ಅರ್ಥ ಇರುತ್ತದೆ, ಇಲ್ಲವೇ ಉತ್ತರದ ಕೀಲಿ ತಪ್ಪಿರುತ್ತದೆ. ತರಗತಿಯಲ್ಲಿ ಇಪ್ಪತ್ತೇ ಮಂದಿ ಇದ್ದರೆ ಈ ಲೆಕ್ಕದ ಗೊಡವೆ ಬೇಡ, ಉತ್ತರಪತ್ರಿಕೆಗಳನ್ನೇ ಕೂತು ಓದಿ.

ಎರಡೂ ಗುಂಪು ಒಂದೇ ಪ್ರಶ್ನೆಯಲ್ಲಿ ಬಿದ್ದಿದ್ದರೆ ಎರಡು ಕಾರಣ ಹುಡುಕಿ. ಒಂದು ಭಾಷೆ. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ, ಶಾಲೆಯಲ್ಲಿ ಕನ್ನಡ ಮಾಧ್ಯಮ, ಈಗ ಇಂಗ್ಲಿಷ್ ಪತ್ರಿಕೆ. ಪತ್ರಿಕೆ ಮುಗಿದ ಮೇಲೆ ಮೂವರು ಮಕ್ಕಳನ್ನು ಕರೆದು ‘ಈ ಪ್ರಶ್ನೆ ಏನು ಕೇಳುತ್ತಿದೆ, ತುಳುವಿನಲ್ಲೋ ಕನ್ನಡದಲ್ಲೋ ಹೇಳಿ’ ಎನ್ನಿ. ‘ಅಪೋರ್ಷನ್’ (ಹಂಚಿ ಹಾಕು) ಎಂಬ ಒಂದು ಪದ ಅಡ್ಡ ಬಂದಿರುತ್ತದೆ, ಲೆಕ್ಕವಲ್ಲ. ಇನ್ನೊಂದು ಮಳೆ. ನಗೆಯ ಮಾತಲ್ಲ ಇದು. ಜೂನ್-ಜುಲೈ-ಆಗಸ್ಟಿನಲ್ಲಿ ಜಿಲ್ಲಾಧಿಕಾರಿಗಳು ಸಾರುವ ಮಳೆ ರಜೆ ಎಲ್ಲ ಸಲವೂ ಪದವಿ ಕಾಲೇಜಿಗೆ ಅನ್ವಯಿಸದಿದ್ದರೂ ರೆಡ್ ಅಲರ್ಟ್ ದಿನ ಬೈಂದೂರು, ಕಾರ್ಕಳ ಕಡೆಯಿಂದ ಬಸ್ಸಿಗೆ ಬರುವ ಮಕ್ಕಳು ಅರ್ಧಕ್ಕರ್ಧ ಇರುವುದಿಲ್ಲ. 15 ವಾರ, ವಾರಕ್ಕೆ ನಾಲ್ಕು ಗಂಟೆಯಂತೆ 60 ಗಂಟೆಯ ಪಾಠ ಯೋಜನೆ ಬರೆದು ಅಷ್ಟನ್ನೂ ತುಂಬಿಸಿಟ್ಟರೆ ಕೊನೆಯ ಘಟಕ ಓಡಿಸಿ ಮುಗಿಸುವುದು ಖಂಡಿತ. 52 ಗಂಟೆಗೆ ಯೋಜನೆ ಬರೆಯಿರಿ, ಎಂಟು ಗಂಟೆ ಮಳೆಗೆ ಬಿಡಿ.

ಮೌಲ್ಯಮಾಪನದ್ದೂ ಒಂದು ಮಾತು. ಒಂದೇ ವಿಷಯವನ್ನು ಇಬ್ಬರು ಎರಡು ಸೆಕ್ಷನ್‌ಗೆ ಕಲಿಸುತ್ತಿದ್ದರೆ ಐದೈದು ಪತ್ರಿಕೆ ಅದಲುಬದಲು ಮಾಡಿ, ಮೊದಲ ಅಂಕ ಮುಚ್ಚಿ, ಮತ್ತೆ ತಿದ್ದಲಿ. 20ಕ್ಕೆ ಎರಡು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇಬ್ಬರೂ ಕೂತು ಯಾವ ಹಂತಕ್ಕೆ ಎಷ್ಟು ಅಂಕ ಎಂದು ಬರೆದುಕೊಳ್ಳಬೇಕು.

ಈಗ ಫೀಡ್‌ಬ್ಯಾಕ್‌ಗೆ ಬರೋಣ. ಸೆಮಿಸ್ಟರ್ ಕೊನೆಗೆ ಪಡೆಯುವ ಫಾರ್ಮು ಆ ವಿದ್ಯಾರ್ಥಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ, ಅವನ ಪಾಠ ಮುಗಿದಿದೆ. ಐದನೇ ಅಥವಾ ಆರನೇ ವಾರ ಕಾಲು ಹಾಳೆಯಷ್ಟು ಚೀಟಿ ಕೊಡಿ, ಏಳು ನಿಮಿಷ, ಮೂರೇ ಪ್ರಶ್ನೆ: ಕಲಿಯಲು ಯಾವುದು ಸಹಾಯ ಮಾಡುತ್ತಿದೆ, ಯಾವುದು ಅಡ್ಡಿಯಾಗಿದೆ, ಒಂದು ಬದಲಾವಣೆ ಮಾಡುವುದಾದರೆ ಏನು. ಕನ್ನಡದಲ್ಲಿ ಬರೆಯಬಹುದೆಂದು ಬೋರ್ಡಿನ ಮೇಲೆ ಬರೆದೇ ಬಿಡಿ. ಇಂಗ್ಲಿಷಿನಲ್ಲಿ ‘ಗುಡ್’ ಬರೆಯುವ ಕೈ ಕನ್ನಡದಲ್ಲಿ ‘ಲೆಕ್ಕದ ಮೂರನೇ ಸ್ಟೆಪ್ ಬೋರ್ಡಲ್ಲಿ ಒರೆಸಿಬಿಡ್ತಾರೆ’ ಎಂದು ಬರೆಯುತ್ತದೆ. ಅದೇ ನಿಮಗೆ ಬೇಕಾದ ಮಾಹಿತಿ. ಪಾಠ ಮಾಡುವವರು ಹೊರಗಿರಲಿ, ಬೇರೆ ವಿಭಾಗದವರು ಸಂಗ್ರಹಿಸಲಿ. ವಿಭಾಗದ ಮುಖ್ಯಸ್ಥರೇ ಸಂಗ್ರಹಿಸಿದರೆ ಮತ್ತೆ ‘ಗುಡ್’ ಬರುತ್ತದೆ. ಕಾಲೇಜಿನ ಇಮೇಲಿನಿಂದ ಲಾಗಿನ್ ಆಗಬೇಕಾದ ಗೂಗಲ್ ಫಾರ್ಮ್ ಕೊಟ್ಟರೂ ಅಷ್ಟೇ, ಹೆಸರು ಗೊತ್ತಾಗುವುದಿಲ್ಲ ಎಂದು ಎಷ್ಟು ಹೇಳಿದರೂ ಮಕ್ಕಳು ನಂಬುವುದಿಲ್ಲ. ಎಂಟು ಹತ್ತು ಮಂದಿಯ ತರಗತಿಯಲ್ಲಿ ಕೈಬರಹದಿಂದಲೇ ಹೆಸರು ತಿಳಿಯುತ್ತದೆ. ಅಲ್ಲಿ ಮಾತಾಡಿಸುವುದೇ ಮೇಲು, ಅದೂ ಹೊರಗಿನವರು.

ಒಂದು ವಾರದೊಳಗೆ ಅದೇ ತರಗತಿಗೆ ಉತ್ತರ ಹೇಳಬೇಕು: ನೀವು ಹೀಗೆ ಹೇಳಿದ್ದೀರಿ, ಈ ಎರಡನ್ನು ಬದಲಿಸುತ್ತೇನೆ, ಇದನ್ನು ಈ ಕಾರಣಕ್ಕೆ ಬದಲಿಸಲಾಗದು. ಈ ಐದು ನಿಮಿಷ ತಪ್ಪಿದರೆ ಮುಂದಿನ ಸಲ ಚೀಟಿ ಖಾಲಿ ಬರುತ್ತದೆ.

ಸೆಮಿಸ್ಟರ್ ಕೊನೆಯ ಫಾರ್ಮು ನಿಲ್ಲಿಸಲಾಗದು, ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ನ್ಯಾಕ್‌ಗೆ ಬೇಕು. ಸರಾಸರಿಯನ್ನು ಮಾತ್ರ ನಂಬಬೇಡಿ. 60ರಲ್ಲಿ 14 ಮಂದಿ ತುಂಬಿ, 12 ಮಂದಿ 4 ಕೊಟ್ಟು ಇಬ್ಬರು 1 ಕೊಟ್ಟರೆ ಸರಾಸರಿ 3.57ಕ್ಕೆ ಇಳಿಯುತ್ತದೆ. ಆ ಇಬ್ಬರ ಸಿಟ್ಟು ಹಾಜರಾತಿಯದ್ದೂ ಇರಬಹುದು. ಇಂಥ ಅಂಕಗಳಲ್ಲಿ ಪೂರ್ವಗ್ರಹವೂ ಇರುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ. ಧಾರಾಳವಾಗಿ ಅಂಕ ಕೊಡುವವರಿಗೆ ಹೆಚ್ಚು, ಕೆಲವೆಡೆ ಮಹಿಳಾ ಅಧ್ಯಾಪಕರಿಗೆ ಕಡಿಮೆ. ತರಗತಿ ಸಮಯಕ್ಕೆ ಶುರುವಾಯಿತೇ, ತಿದ್ದಿದ ಪತ್ರಿಕೆ ವಾಪಸ್ ಬಂತೇ, ವೇಗ ಸರಿಯಿತ್ತೇ ಎಂಬುದನ್ನು ವಿದ್ಯಾರ್ಥಿ ಹೇಳಬಲ್ಲ. ‘ಅಧ್ಯಾಪಕರ ವಿಷಯಜ್ಞಾನ ಹೇಗಿದೆ’ ಎಂದು ಅವನನ್ನು ಕೇಳುವುದರಲ್ಲಿ ಅರ್ಥವಿಲ್ಲ. ಆ ಸಾಲನ್ನು ಫಾರ್ಮಿನಿಂದ ತೆಗೆದುಬಿಡಿ.

ಸಹೋದ್ಯೋಗಿಯ ತರಗತಿಯಲ್ಲಿ ಕೂರುವ ಪದ್ಧತಿ ತರುವುದಾದರೆ ಒಂದೇ ಶರತ್ತು: ಟಿಪ್ಪಣಿ ಪಾಠ ಮಾಡಿದವರ ಕೈಗೆ ಹೋಗಬೇಕು, ಪ್ರಾಂಶುಪಾಲರ ಕಡತಕ್ಕಲ್ಲ. ಬಡ್ತಿಗೆ ಅದನ್ನು ತಳುಕು ಹಾಕಿದ ದಿನದಿಂದ ನಿಮಗೆ ಕಾಣಸಿಗುವುದು ತರಗತಿಯಲ್ಲ, ತಾಲೀಮಾದ ಪ್ರದರ್ಶನ. ಹಿಂದಿನ ದಿನ ಹತ್ತು ನಿಮಿಷ ಕೂತು ‘ಏನು ನೋಡಲಿ’ ಎಂದು ಕೇಳಿಕೊಳ್ಳಿ, ಒಂದೇ ಸಂಗತಿ ಸಾಕು. ಉದಾಹರಣೆಗೆ ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಕಾಯುತ್ತಾರೆ. ಹೆಚ್ಚಿನವರು ಒಂದು ಸೆಕೆಂಡೂ ಕಾಯದೆ ತಾವೇ ಉತ್ತರ ಹೇಳಿಬಿಡುತ್ತಾರೆ. ಮೂರು ಸೆಕೆಂಡ್ ಕಾದರೆ ಹಿಂದಿನ ಬೆಂಚಿನಿಂದಲೂ ಉತ್ತರ ಬರತೊಡಗುತ್ತದೆ, ಉತ್ತರ ಉದ್ದವೂ ಆಗುತ್ತದೆ. ಯಾವ ಬೆಂಚಿನವರು ಉತ್ತರಿಸಿದರು ಎಂದು ಕೂರುವ ನಕ್ಷೆಯಲ್ಲಿ ಚುಕ್ಕಿ ಇಡುತ್ತ ಹೋಗಿ. ಆ ಹಾಳೆ ತೋರಿಸಿದರೆ ಸಾಕು, ಉಪದೇಶ ಬೇಕಾಗುವುದಿಲ್ಲ.

ನ್ಯಾಕ್ ವಿಚಾರ ಚುಟುಕಾಗಿ ಹೇಳುತ್ತೇನೆ. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲೇ ಕಚೇರಿಯಿರುವ ಈ ಸಂಸ್ಥೆಯ 2017ರ ಚೌಕಟ್ಟಿನಲ್ಲಿ ಒಟ್ಟು 1000 ಅಂಕ, ಏಳು ಮಾನದಂಡ. ಬೋಧನೆ-ಕಲಿಕೆ-ಮೌಲ್ಯಮಾಪನಕ್ಕೆ ವಿಶ್ವವಿದ್ಯಾಲಯಕ್ಕಾದರೆ 200, ನಿಮ್ಮಂಥ ಸಂಯೋಜಿತ ಕಾಲೇಜಿಗೆ 350. ಅದರಲ್ಲಿ ವಿದ್ಯಾರ್ಥಿ ತೃಪ್ತಿ ಸಮೀಕ್ಷೆಯೂ ಸೇರಿದೆ. ಅದನ್ನು ನ್ಯಾಕ್ ನೇರವಾಗಿ ಮಕ್ಕಳಿಗೆ ಕಳಿಸುತ್ತದೆ, 21 ಪ್ರಶ್ನೆ. ಅಲ್ಲಿ ಎಡವುವುದು ಪಾಠದಿಂದಲ್ಲ, ಹಳೆಯ ಇಮೇಲ್ ಪಟ್ಟಿಯಿಂದ. ಪಟ್ಟಿಯನ್ನು ಪ್ರತಿ ಜುಲೈಯಲ್ಲಿ ಹೊಸದು ಮಾಡಿ. ಚೌಕಟ್ಟು ಮುಂದೆ ಬದಲಾದರೂ ಪ್ರಶ್ನೆವಾರು ಅಂಕದ ಹಾಳೆ, ಚೀಟಿಗಳ ಸಾರಾಂಶ, ‘ಏನು ಬದಲಿಸಿದೆವು’ ಎಂಬ ಟಿಪ್ಪಣಿ ಇದ್ದರೆ ಯಾವ ಪರಿಶೀಲನಾ ತಂಡಕ್ಕೂ ತೋರಿಸಲು ಅದೇ ಸಾಕಷ್ಟಾಗುತ್ತದೆ.

ಐಕ್ಯೂಎಸಿ ಸಭೆ ಮೂರು ತಿಂಗಳಿಗೊಮ್ಮೆ ಹೇಗೂ ಆಗಬೇಕು. ನಡಾವಳಿಯಲ್ಲಿ ‘ಚರ್ಚಿಸಲಾಯಿತು’ ಎಂಬ ಪದ ಬಳಸಬೇಡಿ. ಏನು, ಯಾರು, ಯಾವ ತಾರೀಕಿನೊಳಗೆ ಎಂಬ ಮೂರು ಕಾಲಂ ಇರಲಿ, ಮುಂದಿನ ಸಭೆಯ ಮೊದಲ ವಿಷಯ ಹಿಂದಿನ ಆ ಪಟ್ಟಿಯೇ ಆಗಲಿ.

ಮೊದಲ ಸೆಮಿಸ್ಟರಿಗೆ ಇಡೀ ಕಾಲೇಜಿಗೆ ಕೈ ಹಾಕಬೇಡಿ. ಮನಸ್ಸಿರುವ ಮೂವರು ಅಧ್ಯಾಪಕರು, ಮೂರು ವಿಷಯ ಸಾಕು, ಅದರಲ್ಲಿ ಒಂದು ನಿಮ್ಮದೇ ಇರಲಿ. ಈ ತಿಂಗಳ ಮೊದಲ ಇಂಟರ್ನಲ್ ಮುಗಿದ ಕೂಡಲೇ ಪ್ರಶ್ನೆವಾರು ಅಂಕ ಎಕ್ಸೆಲ್‌ಗೆ ಹತ್ತಿಸಿಕೊಂಡು ಆಮೇಲೆ ಪತ್ರಿಕೆಗಳನ್ನು ಮಕ್ಕಳಿಗೆ ಹಂಚಿ. ಒಮ್ಮೆ ಹಂಚಿದರೆ ಅರ್ಧ ವಾಪಸ್ ಬರುವುದಿಲ್ಲ.