ಸಂಪಾದಕರ ಉತ್ತರ: ರಾಯಚೂರಿನ ಬಿಸಿಲು, ಬೆಂಗಳೂರಿನ ಸ್ವೆಟರ್

ಎಸಿಯ ಅತಿಬಳಕೆ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ರಾಯಚೂರು ಜಿಲ್ಲೆಯ ಓದುಗರೊಬ್ಬರು ದೀರ್ಘ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಹೀಗಿದೆ:

"ನಿಮ್ಮ ಲೇಖಕರು ಮೇ ತಿಂಗಳಲ್ಲಿ ನಮ್ಮೂರಿಗೆ ಬಂದು ಎರಡು ದಿನ ಇದ್ದು ನೋಡಲಿ, ಆಮೇಲೆ ಬರೆಯಲಿ. ನಮ್ಮ ಅತ್ತೆಗೆ 78 ವರ್ಷ. ಮೂರು ವರ್ಷದ ಹಿಂದೆ ಬೇಸಿಗೆಯಲ್ಲಿ ಎರಡು ಸಲ ತಲೆ ತಿರುಗಿ ಬಿದ್ದರು. ಕಂತಿನ ಮೇಲೆ ಅವರ ಕೋಣೆಗೆ ಎಸಿ ಹಾಕಿಸಿದೆವು. ಲೇಖನ ಓದಿದ ಮೇಲೆ ನಾವೇನೋ ಪಾಪ ಮಾಡಿದೆವು ಅನ್ನಿಸಿತು. ಕರೆಂಟು ತಯಾರಾಗುವುದು ನಮ್ಮ ಸೀಮೆಯಲ್ಲಿ, ಬೂದಿ ನಮಗೆ, ತಂಪು ಬೆಂಗಳೂರಿಗೆ. ಅಲ್ಲಿ ನನ್ನ ಮಗ ಏಪ್ರಿಲ್‌ನಲ್ಲೂ ಆಫೀಸಿನಲ್ಲಿ ಸ್ವೆಟರ್ ಹಾಕಿಕೊಂಡು ಕೂಡುತ್ತಾನೆ. ತಲೆನೋವು, ಕಣ್ಣುರಿ ಅಂತಾನೆ. ಬುದ್ಧಿ ಹೇಳಬೇಕಾದ್ದು ಯಾರಿಗ್ರಿ? ಇನ್ನೊಂದು ಮಾತು. ವರ್ಷಾ ವರ್ಷಾ ಎಸಿಗೆ ಗ್ಯಾಸ್ ತುಂಬಿಸಬೇಕು ಅಂತ ಮೆಕ್ಯಾನಿಕ್ ಹೇಳುತ್ತಾರೆ. ಇದು ಖರೇನಾ?"

ಪ್ರಿಯ ಸೋದರಿ,

ನಿಮ್ಮ ಅತ್ತೆಯವರ ಕೋಣೆಗೆ ಎಸಿ ಹಾಕಿಸಿದ್ದರಲ್ಲಿ ಯಾವ ತಪ್ಪೂ ಇಲ್ಲ. ಮಿಕ್ಕ ಮಾತು ಆಮೇಲೆ. ವಯಸ್ಸಾದಂತೆ ಬೆವರುವುದು ಕಡಿಮೆಯಾಗುತ್ತದೆ, ಬಾಯಾರಿಕೆಯೂ ಸರಿಯಾಗಿ ತಿಳಿಯುವುದಿಲ್ಲ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೈಯ ನೀರನ್ನು ಇನ್ನಷ್ಟು ಹೊರಹಾಕುತ್ತವೆ. ಅಂಥವರ ಕೋಣೆ 40 ಡಿಗ್ರಿ ದಾಟಿತೆಂದರೆ ಫ್ಯಾನನ್ನು ನಂಬಿ ಕೂರುವಂತಿಲ್ಲ. ಅದು ಮೈಗಿಂತ ಬಿಸಿಯಾದ ಗಾಳಿಯನ್ನೇ ಮೈಮೇಲೆ ತಳ್ಳುತ್ತಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೂಡ ಇದನ್ನೇ ಹೇಳುತ್ತದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನ ತಾಪಮಾನ 46.8 ಡಿಗ್ರಿಗೆ ಏರಿತ್ತು. ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಜನ ತೀರಿಕೊಂಡರು. ಅಷ್ಟು ಜೀವ ಹೋದ ಮೇಲೆ, 2013ರಲ್ಲಿ, ಆ ನಗರ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿಕೊಂಡಿತು. ನಿಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂತೆಂದರೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಸರ್ಕಾರವೇ ಒಪ್ಪಿಕೊಂಡ ಬಿಸಿಲು ಅದು. ಅಲ್ಲಿ ಹಿರಿಯ ಜೀವವೊಂದನ್ನು ಕಾಯಲು ಓಡುವ ಎಸಿಯನ್ನು ಈ ಪತ್ರಿಕೆ ದುಂದು ಎಂದು ಕರೆಯುವುದಿಲ್ಲ.

2019ರಲ್ಲಿ ಕೇಂದ್ರ ಸರ್ಕಾರ ತಂಪಿನ ಬಳಕೆಯ ಬಗ್ಗೆ ರಾಷ್ಟ್ರೀಯ ಕ್ರಿಯಾಯೋಜನೆ ಹೊರತಂದಾಗ ದೇಶದ ನೂರು ಮನೆಗಳ ಪೈಕಿ ಎಸಿ ಇದ್ದದ್ದು ಸುಮಾರು ಎಂಟರಲ್ಲಿ. ಈ ಸಂಖ್ಯೆ ಏರಬೇಕು, ಏರುತ್ತಲೂ ಇದೆ. ಬಿಸಿಲಿಗೆ ಬಲಿಯಾಗುವವರು ಹೆಚ್ಚಾಗಿ ತಗಡಿನ ಸೂರಿನಡಿ ಮಲಗುವವರು, ಬಯಲಲ್ಲಿ ದುಡಿಯುವವರು, ಒಂಟಿ ಮುದುಕರು. ಇವರಿಗೆಲ್ಲ ತಂಪು ದಕ್ಕಬೇಕು, ಭೂಮಿಯೂ ಉಳಿಯಬೇಕು ಎಂದಾದರೆ, ತಂಪು ಬೇಡದ ಕಡೆ ಅದನ್ನು ಚೆಲ್ಲುವುದು ನಿಲ್ಲಬೇಕು. ನನ್ನ ವಾದ ಇಷ್ಟೇ. ಬುದ್ಧಿ ಹೇಳಬೇಕಾದ್ದು ಯಾರಿಗೆ ಎಂದು ಕೇಳಿದಿರಿ. ನಿಮ್ಮ ಮಗನ ಆಫೀಸಿನಲ್ಲಿ ಎಷ್ಟು ಡಿಗ್ರಿ ಇರಬೇಕೆಂದು ಯಾರು ತೀರ್ಮಾನಿಸುತ್ತಾರೋ ಅವರಿಗೆ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. 2016ರ ಏಪ್ರಿಲ್‌ನಲ್ಲಿ ಇಲ್ಲಿಯೂ 39.2 ಡಿಗ್ರಿ ದಾಖಲಾಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೂ ವರ್ಷದ ಬಹುಪಾಲು ದಿನ ಕಿಟಕಿ ತೆರೆದು ಫ್ಯಾನ್ ಹಾಕಿಕೊಂಡರೆ ಆರಾಮವಾಗಿ ಕೆಲಸ ಮಾಡಬಹುದಾದ ಹವೆ ಇದು. ಇಂಥ ಊರಲ್ಲಿ ನಾವು ಗಾಜಿನ ಗೋಡೆಗಳ ಕಟ್ಟಡ ಎಬ್ಬಿಸಿದೆವು, ತೆರೆಯಲು ಬಾರದ ಕಿಟಕಿ ಇಟ್ಟೆವು. ಪಡುವಣ ಬಿಸಿಲು ನೇರ ಒಳಗೆ ಬರುತ್ತದೆ. ಕಂಪ್ಯೂಟರ್ ಪರದೆ ಕಾಣುವುದಿಲ್ಲವೆಂದು ಬ್ಲೈಂಡ್ಸ್ ಎಳೆಯುತ್ತಾರೆ, ಕತ್ತಲಾಯಿತೆಂದು ಹಾಡಹಗಲೇ ದೀಪ ಹಾಕುತ್ತಾರೆ, ಅಷ್ಟರಲ್ಲಾಗಲೇ ಒಳಗೆ ಸೇರಿದ ಕಾವನ್ನು ಹೊರದಬ್ಬಲು ಎಸಿ ದಿನವಿಡೀ ದುಡಿಯುತ್ತದೆ. ಮದುವೆ ಮಂಟಪ, ಚಿನ್ನದಂಗಡಿ, ಸಿನಿಮಾ ಮಂದಿರ, ಎಲ್ಲ ಕಡೆ ಇದೇ. ರಾತ್ರಿ ಬಸ್ಸುಗಳಲ್ಲಿ ನಡುಗುವಷ್ಟು ಚಳಿ ಮಾಡಿ ತಲೆಗೊಂದು ರಗ್ಗು ಕೊಡುತ್ತಾರೆ. ಮೂರ್ನಾಲ್ಕು ಡಿಗ್ರಿ ಏರಿಸಿದ್ದರೆ ಡೀಸೆಲ್ ಉಳಿಯುತ್ತಿತ್ತು, ರಗ್ಗು ಒಗೆಯುವ ನೀರೂ ಉಳಿಯುತ್ತಿತ್ತು.

ಎಸಿಯ ಚರಿತ್ರೆ ಶುರುವಾಗುವುದು ಒಂದು ಅಚ್ಚುಕೂಟದಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1902ರಲ್ಲಿ ಬೇಸಿಗೆಯ ತೇವಕ್ಕೆ ಕಾಗದ ಹಿಗ್ಗಿ, ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂರದೆ ಚಿತ್ರಗಳೆಲ್ಲ ಕೆಡುತ್ತಿದ್ದವು. ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರ್ ಗಾಳಿಯ ತೇವವನ್ನು ಹಿಡಿತಕ್ಕೆ ತರುವ ಯಂತ್ರ ರೂಪಿಸಿದ್ದು ಆ ಕಷ್ಟ ನೀಗಲು. ಪತ್ರಿಕೆ ಅಚ್ಚು ಹಾಕಿಸುವ ನಮಗೆ ಆ ತಾಪತ್ರಯ ಚೆನ್ನಾಗಿ ಗೊತ್ತು. ಕಾಗದಕ್ಕೆ ವರ್ಷವಿಡೀ ಒಂದೇ ಹವೆ ಬೇಕು. ಮನುಷ್ಯನ ಮೈ ಹಾಗಲ್ಲ, ಒಂದೆರಡು ವಾರದಲ್ಲಿ ಬೇಸಿಗೆಗೆ ಒಗ್ಗಿಕೊಳ್ಳುತ್ತದೆ: ಬೇಗ ಬೆವರಲು ಶುರುಮಾಡುತ್ತದೆ, ಬೆವರಿನಲ್ಲಿ ಕಡಿಮೆ ಉಪ್ಪು ಕಳೆದುಕೊಳ್ಳುತ್ತದೆ. ಮನೆ, ಕಾರು, ಆಫೀಸು ಎಲ್ಲ ಕಡೆ ಎಸಿಯೊಳಗೇ ಇರುವವರಿಗೆ ಈ ಶಕ್ತಿ ಬರುವುದೇ ಇಲ್ಲ. ಅವರಿಗೆ ಮೆಟ್ರೋ ನಿಲ್ದಾಣದವರೆಗಿನ ಹತ್ತು ನಿಮಿಷದ ನಡಿಗೆಯೂ ಶಿಕ್ಷೆಯಾಗುತ್ತದೆ. ಆಮೇಲೆ ಅದಕ್ಕೂ ಕಾರು ಬೇಕಾಗುತ್ತದೆ.

ಇನ್ನು ಆಫೀಸಿನ ತಾಪಮಾನ ನಿಗದಿ ಮಾಡುವ ಲೆಕ್ಕ. 1960ರ ದಶಕದಲ್ಲಿ ಅದು ರೂಪುಗೊಂಡಾಗ ಮೈಶಾಖದ ಅಂದಾಜಿಗೆ ಆರಿಸಿಕೊಂಡದ್ದು 40 ವರ್ಷದ, 70 ಕಿಲೋ ತೂಗುವ ಗಂಡಸನ್ನು. ಹೆಂಗಸರ ಮೈಶಾಖವನ್ನು ಆ ಲೆಕ್ಕ ಶೇಕಡ 35ರವರೆಗೂ ಹೆಚ್ಚಾಗಿ ಅಂದಾಜಿಸುತ್ತದೆಂದು ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ತೋರಿಸಿದರು. ಎಷ್ಟೊಂದು ಆಫೀಸುಗಳಲ್ಲಿ ಹೆಣ್ಣುಮಕ್ಕಳು ಕುರ್ಚಿಯ ಬೆನ್ನಿಗೆ ಶಾಲು ಹಾಕಿಯೇ ಇಟ್ಟಿರುತ್ತಾರೆ, ನೀವೂ ನೋಡಿರಬಹುದು. ನಮ್ಮ ದೇಶದ್ದೇ ಲೆಕ್ಕವೂ ಈಗ ಇದೆ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯದವರು ಬೇರೆಬೇರೆ ಹವೆಯ ಊರುಗಳ ಆಫೀಸುಗಳಲ್ಲಿ ಕೆಲಸಗಾರರನ್ನೇ ಕೇಳಿ ಅಧ್ಯಯನ ಮಾಡಿದರು. ಹಳೆಯ ಲೆಕ್ಕ ಹೇಳುವುದಕ್ಕಿಂತ ಬೆಚ್ಚಗಿನ ಕೋಣೆಯಲ್ಲೂ ನಮ್ಮ ಜನ ಹಾಯಾಗಿರುತ್ತಾರೆಂದು ಅದರಿಂದ ತಿಳಿಯಿತು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಜಪಾನ್ 2005ರಲ್ಲೇ ಬೇಸಿಗೆಯಲ್ಲಿ ಆಫೀಸುಗಳ ಎಸಿ 28 ಡಿಗ್ರಿಯಲ್ಲಿರಲಿ, ಕೋಟು ಟೈ ಬಿಟ್ಟು ಬನ್ನಿ ಎಂದು ಅಭಿಯಾನ ಶುರುಮಾಡಿತು. ಪ್ರಧಾನಿಯೇ ಟೈ ಇಲ್ಲದೆ ಕಾಣಿಸಿಕೊಂಡರು. ಏಪ್ರಿಲ್‌ನಲ್ಲಿ ಸೂಟು ತೊಟ್ಟು ಅದಕ್ಕೆ ತಕ್ಕಂತೆ ಎಸಿ ಇಳಿಸುವ ನಮ್ಮ ಅಧಿಕಾರಿಗಳು, ಮ್ಯಾನೇಜರುಗಳು ಅದನ್ನು ನೋಡಿ ಕಲಿಯಲಿ.

ನಿಮ್ಮ ಮಗನ ತಲೆನೋವಿಗೆ ಇದೇ ಕಾರಣವೆಂದು ನಾನು ಇಲ್ಲಿ ಕೂತು ಹೇಳಲಾರೆ, ಕಣ್ಣಿನ ಡಾಕ್ಟರಿಗೆ ಒಮ್ಮೆ ತೋರಿಸಲಿ. ಆದರೆ ಒಂದು ಸಂಗತಿ ಅವನಿಗೆ ತಿಳಿಸಿ. ಎಸಿ ಗಾಳಿಯಲ್ಲಿನ ತೇವವನ್ನು ಹಿಂಡಿ ತೆಗೆಯುತ್ತದೆ. ಪೈಪಿನಿಂದ ತೊಟ್ಟಿಕ್ಕುವ ನೀರು ಅದೇ. ಪರದೆ ನೋಡುವಾಗ ನಾವು ಕಣ್ಣು ಮಿಟುಕಿಸುವುದೇ ಕಡಿಮೆ, ಮೇಲೆ ಒಣಗಾಳಿ ಸೇರಿದರೆ ಕಣ್ಣು ಉರಿಯುತ್ತದೆ. ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ: ಮನೆಗಳಲ್ಲೂ ಸಣ್ಣ ಆಫೀಸುಗಳಲ್ಲೂ ಹಾಕುವ ಸ್ಪ್ಲಿಟ್ ಎಸಿ ಹೊರಗಿನ ಗಾಳಿಯನ್ನು ಒಳಗೆ ತರುವುದೇ ಇಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಎಳೆದು ತಂಪು ಮಾಡಿ ಮತ್ತೆ ಕೋಣೆಗೇ ಬಿಡುತ್ತದೆ. ಬಾಗಿಲು ಭದ್ರವಾಗಿ ಹಾಕಿದ ಕೋಣೆಯಲ್ಲಿ ಹತ್ತು ಜನ ಎರಡು ಗಂಟೆ ಮೀಟಿಂಗ್ ಮಾಡಿದರೆ, ಅವರು ಬಿಟ್ಟ ಉಸಿರನ್ನೇ ಅವರು ಮತ್ತೆ ಮತ್ತೆ ಎಳೆದುಕೊಳ್ಳುತ್ತಿರುತ್ತಾರೆ. ತಲೆ ಭಾರ, ಆಕಳಿಕೆ, ಮಂಪರು ಬರುವುದರಲ್ಲಿ ಆಶ್ಚರ್ಯವಿಲ್ಲ. ಗಂಟೆಗೊಮ್ಮೆ ಬಾಗಿಲು ತೆರೆದಿಡಿ ಎಂದು ಕೇಳುವ ಹಕ್ಕು ಅವನಿಗಿದೆ. ಒಬ್ಬನೇ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ, ಸ್ವೆಟರ್ ಹಾಕಿಕೊಂಡಿರುವವರೆಲ್ಲ ಸೇರಿ ಕೇಳಲಿ.

ಬೂದಿಯ ಮಾತು ಎತ್ತಿದಿರಿ. ಅದು ಬರೀ ಸಿಟ್ಟಿನ ಮಾತಲ್ಲ, ಅದರಲ್ಲಿ ಲೆಕ್ಕವಿದೆ. ನಿಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1,720, ಯರಮರಸ್‌ನಲ್ಲಿ 1,600 ಮೆಗಾವಾಟ್ ಸಾಮರ್ಥ್ಯದ ಕಲ್ಲಿದ್ದಲು ಸ್ಥಾವರಗಳಿವೆ. ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ 700 ಗ್ರಾಂ ಕಲ್ಲಿದ್ದಲು ಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗ, ಕೆಲವೊಮ್ಮೆ ಅದಕ್ಕೂ ಹೆಚ್ಚು, ಬೂದಿಯೇ. ಅಂದರೆ ಬೆಂಗಳೂರಿನ ಖಾಲಿ ಮೀಟಿಂಗ್ ರೂಮಿನಲ್ಲಿ ಕಲ್ಲಿದ್ದಲಿನ ಕರೆಂಟು ಒಂದು ಯೂನಿಟ್ ಪೋಲಾದರೆ ಇನ್ನೆಲ್ಲೋ ಕಾಲು ಕಿಲೋ ಬೂದಿ ಬಿದ್ದಿತೆಂದು ಅರ್ಥ. ಹಗಲಿನಲ್ಲಿ ಪಾವಗಡದ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಆ ಭಾರವನ್ನು ಒಂದಿಷ್ಟು ಹೊರುತ್ತದೆ. ಸೂರ್ಯ ಮುಳುಗಿದ ಮೇಲೆ ಅದಿಲ್ಲ, ಆದರೆ ಮಲಗುವ ಕೋಣೆಗಳ ಎಸಿಗಳು ಚಾಲೂ ಆಗುವುದು ಆಗಲೇ. ರಾತ್ರಿ 18 ಡಿಗ್ರಿಗೆ ಇಟ್ಟು ದಪ್ಪ ರಜಾಯಿ ಹೊದೆಯುವವರ ಮೇಲೆ ನನಗೆ ನಿಜವಾಗಿ ಕೋಪ ಬರುವುದು ಇದಕ್ಕೇ. ಅಲ್ಲದೆ, ಎಸಿ ಕಾವನ್ನು ಇಲ್ಲವಾಗಿಸುವುದಿಲ್ಲ. ಒಳಗಿನದನ್ನು ಹೊತ್ತು, ತನ್ನ ಕಂಪ್ರೆಸರಿನ ಬಿಸಿಯನ್ನೂ ಸೇರಿಸಿ ಹೊರಗೆ ಎಸೆಯುತ್ತದೆ. ಇಕ್ಕಟ್ಟಾದ ಗಲ್ಲಿಯಲ್ಲಿ ಅದು ನುಗ್ಗುವುದು ಎಸಿ ಇಲ್ಲದ ಪಕ್ಕದ ಮನೆಯ ಕಿಟಕಿಗೆ.

ಈಗ ನಿಮ್ಮ ಮನೆಗೆ ಬರೋಣ. ಎಸಿಯನ್ನು 26ಕ್ಕೆ ಇಟ್ಟು ಜೊತೆಗೆ ಫ್ಯಾನ್ ನಿಧಾನಕ್ಕೆ ಹಾಕಿ. ಗಾಳಿ ಆಡಿದರೆ ಮೈಗೆ ಎರಡು ಮೂರು ಡಿಗ್ರಿ ಕಡಿಮೆಯಾದಂತೆ ಅನ್ನಿಸುತ್ತದೆ, ಅತ್ತೆಯವರಿಗೆ ಅಷ್ಟು ತಂಪು ಸಾಕು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡ 6ರಷ್ಟು ಕರೆಂಟು ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. 2020ರ ಜನವರಿಯಿಂದ ಸ್ಟಾರ್ ಗುರುತಿನ ಎಸಿಗಳು ಚಾಲೂ ಮಾಡಿದ ಕೂಡಲೇ 24ರಲ್ಲಿ ಇರುವಂತೆ ನಿಯಮವನ್ನೂ ಮಾಡಿದೆ. ಬೇಗ ತಂಪಾಗಲೆಂದು 18 ಒತ್ತುವುದರಿಂದ ಪ್ರಯೋಜನವಿಲ್ಲ. ಕಾದ ಕೋಣೆಯಲ್ಲಿ 24 ಇಟ್ಟರೂ 18 ಇಟ್ಟರೂ ಯಂತ್ರ ಪೂರ್ತಿ ಶಕ್ತಿಯಲ್ಲೇ ಓಡುತ್ತದೆ. 18ರಲ್ಲಿ ಅದು ನಿಲ್ಲುವುದೇ ಇಲ್ಲ, ವ್ಯತ್ಯಾಸ ಅಷ್ಟೇ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮ ಮೇಲೇ ಬೀಳುವುದರಿಂದ ಇದನ್ನು ನೋಡಿಕೊಳ್ಳುವುದು ಒಳ್ಳೆಯದು.

ಅದಕ್ಕಿಂತ ಮುಖ್ಯ ನಿಮ್ಮ ಮನೆಯ ಮೇಲ್ಛಾವಣಿ. ನಿಮ್ಮ ಸೀಮೆಯ ಹಳೆಯ ಮಣ್ಣಿನ ಮಾಳಿಗೆಗಳು ಬಿಸಿಲನ್ನು ತಡೆಯುತ್ತಿದ್ದವು. ಈಗಿನ ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಕಾದ ಹೆಂಚಿನಂತೆ ರಾತ್ರಿ ಹನ್ನೊಂದಾದರೂ ಕಾವು ಬಿಡುತ್ತಲೇ ಇರುತ್ತದೆ. ಯುಗಾದಿಗೆ ಮೊದಲೇ ಮೇಲೆ ಬೆಳ್ಳಗೆ ಸುಣ್ಣ ಹೊಡೆಸಿ. ಪಡುವಣ ಕಿಟಕಿಗೆ ಹೊರಗಿನಿಂದ ನೆರಳು ಮಾಡಿ, ಒಳಗಿನ ಪರದೆ ಬಿಸಿಲು ಒಳಬಂದ ಮೇಲೆ ತಡೆಯುವಂಥದ್ದು. ನಿಮ್ಮ ಒಣ ಹವೆಯಲ್ಲಿ ಮನೆಯ ಉಳಿದವರಿಗೆ ಲಾವಂಚದ ಹುಲ್ಲಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ; ಮಂಗಳೂರಿನವರಿಗೆ ನಾನು ಈ ಸಲಹೆ ಕೊಡುವುದಿಲ್ಲ, ಅಲ್ಲಿನ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ.

ಕೊನೆಗೆ ಗ್ಯಾಸಿನ ಪ್ರಶ್ನೆ. ಖರೆ ಅಲ್ಲ. ಅಡುಗೆ ಸಿಲಿಂಡರಿನ ಗ್ಯಾಸಿನಂತೆ ಎಸಿಯ ಗ್ಯಾಸ್ ಉರಿದು ಮುಗಿಯುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಮುಚ್ಚದೆ ಪ್ರತಿ ವರ್ಷ ತುಂಬಿಸಿದರೆ ನಿಮ್ಮ ದುಡ್ಡೂ ಗ್ಯಾಸೂ ಆಕಾಶಕ್ಕೆ ಹೋಗುತ್ತವೆ. ಈ ಗ್ಯಾಸುಗಳು ಸಾಮಾನ್ಯದವಲ್ಲ. ಆರ್-410ಎ ಎಂಬುದು ಒಂದು ಕಿಲೋ ಸೋರಿದರೆ ಎರಡು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಬಿಸಿಯಾಗುತ್ತದೆ, ಸುಮಾರು 900 ಲೀಟರ್ ಪೆಟ್ರೋಲ್ ಸುಟ್ಟಂತೆ. ಆರ್-32 ಅದರ ಮೂರನೇ ಒಂದರಷ್ಟು, ಆರ್-290 ಬಹಳ ಬಹಳ ಕಡಿಮೆ. ಇವುಗಳಲ್ಲಿ ಕೆಟ್ಟವನ್ನು ಕಡಿಮೆ ಮಾಡಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಂದ ಮಾಡಿಕೊಂಡವು, ಭಾರತ 2021ರಲ್ಲಿ ಅನುಮೋದಿಸಿತು. ನಮ್ಮಲ್ಲಿ ಕಡಿತ ಶುರುವಾಗುವುದು 2032ಕ್ಕೆ. ಅಷ್ಟರೊಳಗೆ ಎಷ್ಟು ಕೋಟಿ ಎಸಿಗಳು ಗೋಡೆ ಏರಿರುತ್ತವೋ ನೆನೆದರೆ ಭಯವಾಗುತ್ತದೆ.

ಮೆಕ್ಯಾನಿಕ್ ನಿಮಗೆ ಮೋಸ ಮಾಡುತ್ತಿದ್ದಾರೆಂದು ಅಂದುಕೊಳ್ಳಬೇಡಿ. ಗ್ಯಾಸ್ ತುಂಬಿದರೆ ಜನ ದುಡ್ಡು ಕೊಡುತ್ತಾರೆ, ಸೋರಿಕೆ ಹುಡುಕಲು ಅರ್ಧ ದಿನ ಕೂತರೆ ಕೊಡುವುದಿಲ್ಲ. ಈ ಸಲ ಆ ಕೂಲಿ ಕೊಟ್ಟು ಹುಡುಕಿಸಿ. ಮೊದಲು ಫಿಲ್ಟರ್ ತೊಳೆದು ನೋಡಲಿ. ಧೂಳು ಕಟ್ಟಿ ತಂಪು ಕಡಿಮೆಯಾದರೂ ಗ್ಯಾಸ್ ಹೋಗಿದೆ ಅನ್ನುವುದುಂಟು. ಆಮೇಲೆ ಹೊರಗಿನ ಯಂತ್ರಕ್ಕೆ ತಾಮ್ರದ ಕೊಳವೆ ಸೇರುವ ನಟ್ಟುಗಳ ಹತ್ತಿರ ಎಣ್ಣೆ ಜಿಡ್ಡು ಇದೆಯೇ ನೋಡಿ, ಸೋಪಿನ ನೊರೆ ಹಚ್ಚಲಿ. ಗುಳ್ಳೆ ಏಳುವುದು ಸೋರುವ ಜಾಗದಲ್ಲಿ. ಅದನ್ನು ಸರಿಮಾಡಿದ ಮೇಲೆಯೇ ಗ್ಯಾಸ್. ಆ ಯಂತ್ರದ ಮಗ್ಗುಲಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎಂದು ಬರೆದ ಪಟ್ಟಿ ಅಂಟಿಸಿರುತ್ತಾರೆ. ಅದನ್ನು ಓದಿ ನನಗೆ ಬರೆದು ತಿಳಿಸಿ, ಮುಂದಿನ ಬೇಸಿಗೆಯವರೆಗೆ ಗ್ಯಾಸ್ ನಿಂತಿತೋ ಇಲ್ಲವೋ ಅದನ್ನೂ.

— ಸಂಪಾದಕ